ಗೇಟು ಹಿಡಿದು ನಿಂತವನು

ಡಾಲರ್ನಾ
ಜೂನ್, 1912

ಪ್ರೀತಿಯ ಸಿಗ್ನೆ ಅಕ್ಕ,

ನಿನ್ನ ತಮ್ಮ ಒಲಿಂಪಿಕ್ಸ್‌ನಲ್ಲಿ ಓಡುತ್ತಾನೆ ಎಂದು ಸ್ಟಾಕ್‌ಹೋಮಿನಲ್ಲಿ ಕೆಲಸದ ಮನೆಯ ಒಡತಿಗೂ ಅಡುಗೆಯವಳಿಗೂ ಸಾರಿಬಿಟ್ಟಿದ್ದೀಯಂತೆ. ಓಡುವುದಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಬೇರೇನೋ ಬರೆಯುತ್ತದೆ.

ನಾನು ಶಾಲೆ ಬಿಟ್ಟ ವರ್ಷ ಮೇಷ್ಟ್ರು, "ಟೋರ್ಕೆಲ್, ಬೆಂಚಿನ ಕೆಳಗೂ ನಿನ್ನ ಕಾಲು ಓಡ್ತಾನೇ ಇರುತ್ತಲ್ಲೋ" ಎಂದಿದ್ದರು. ಆಮೇಲೆ ಮರ ಕಡಿಯುವವರಿಗೆ ಬುತ್ತಿ ಹೊತ್ತು ಕಾಡಿನಲ್ಲಿ ಓಡಿದೆ. ಓಟದ ಕ್ಲಬ್ಬು ಸೇರಿ ಊರೂರಲ್ಲಿ ಓಡಿದೆ. ಗೆದ್ದ ಬೆಳ್ಳಿ ಚಮಚಗಳನ್ನು ಅಮ್ಮ ಪಾದ್ರಿಗಳು ಬಂದಾಗ ಮಾತ್ರ ಹೊರಗೆ ತೆಗೆಯುತ್ತಾಳೆ. ಕೊನೆಗೆ ಉಳಿದದ್ದು ಮೊನ್ನೆ ಭಾನುವಾರದ ಓಟ. ಅದರಲ್ಲಿ ಮೊದಲು ಬಂದವನಿಗಷ್ಟೇ ಒಲಿಂಪಿಕ್ಸ್ ತಂಡದಲ್ಲಿ ಜಾಗ.

ಅವತ್ತು ಸರೋವರದ ಮೇಲೆ ಮಂಜು ಇನ್ನೂ ಮಲಗಿತ್ತು. ಎಲ್ಲರಿಗಿಂತ ಮುಂದೆ ನಾನೊಬ್ಬನೇ. ದಾರಿಯೇ ಹೊಳೆಯ ಹಾಗೆ ಹರಿಯುತ್ತಿತ್ತು, ನಾನು ಸುಮ್ಮನೆ ತೇಲುತ್ತಿದ್ದೆ. ಹಸುಗಳನ್ನು ಕರೆಯುವ ಯಾವುದೋ ಹುಡುಗಿಯ ಕೂಗು ಗುಡ್ಡದಿಂದ ಗುಡ್ಡಕ್ಕೆ ಹೋಗಿ ಬರುತ್ತಿತ್ತು. ನನಗೆ ಮೈಯೇ ಇರಲಿಲ್ಲ ಅಕ್ಕ. ಇದು ಪಂದ್ಯ ಎನ್ನುವುದೂ ಮರೆತಿತ್ತು.

ಆಗ ಹುಲ್ಲುಗಾವಲಿನ ಗೇಟು ಬಂತು. ತೆರೆದು ಹಿಡಿಯಬೇಕಾಗಿದ್ದ ಕ್ಲಬ್ಬಿನವನು ಅಲ್ಲಿರಲಿಲ್ಲ. ತೆರೆದೆ, ದಾಟಿದೆ, ಮುಚ್ಚಲು ತಿರುಗಿದೆ. ಹಾಗೇ ಬಿಟ್ಟರೆ ದನ ಹೊಲಕ್ಕೆ ನುಗ್ಗುತ್ತವೆ, ನಿನಗೆ ಗೊತ್ತಲ್ಲ. ಅಷ್ಟರಲ್ಲಿ ಪಕ್ಕದೂರಿನ ಆರ್ವಿಡ್ ಹತ್ತಿರ ಬಂದಿದ್ದ. ಬರುತ್ತಿರುವವನ ಮುಖಕ್ಕೆ ಗೇಟು ಮುಚ್ಚುವುದುಂಟೇ? ಹಿಡಿದು ನಿಂತೆ. "ಒಳ್ಳೇದಾಗ್ಲಿ ತಮ್ಮಾ" ಎಂದು ದಾಟಿ ಹೋದ. ನಾನು ಅಗುಳಿ ಹಾಕಿ ತಿರುಗಿದಾಗ ಅವನು ಬರ್ಚ್ ಮರಗಳ ನಡುವೆ ಬಿಳಿ ಚುಕ್ಕೆ. ಕೊನೆಯವರೆಗೂ ಆ ಚುಕ್ಕೆ ಸಿಗಲಿಲ್ಲ.

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಬುಮನ್ ಎಲ್ಲರೆದುರು ಕೂಗಾಡಿದರು: "ಓಡೋಕೆ ಬಂದಿದ್ಯೋ, ದನ ಕಾಯೋಕೆ ಬಂದಿದ್ಯೋ?" ಆಮೇಲೆ ಪಕ್ಕಕ್ಕೆ ಕರೆದು, "ಗೇಟಿನ ಹತ್ರ ಆರ್ವಿಡ್ ತಳ್ಳಿದ ಅಂತ ಒಂದು ಮಾತು ಹೇಳು ಸಾಕು. ಅವನನ್ನ ಹೊರಗೆ ಹಾಕ್ತಾರೆ, ಜಾಗ ನಿಂದು" ಎಂದರು.

"ತಳ್ಳಲಿಲ್ಲ ಯಜಮಾನ್ರೇ, ಒಳ್ಳೇದಾಗ್ಲಿ ಅಂದ" ಎಂದೆ.

"ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಎಂದು ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹುಲ್ಲು ಕೊಯ್ಯುವ ಕಾಲ ಬಂತು, ನಾನು ಅತ್ತ ಬರಲಾರೆ. ನನಗೇನೂ ದುಃಖವಿಲ್ಲ. ಒಡತಿಗೆ ನಿಜ ಹೇಳಿಬಿಡು.

ಇಂತು ನಿನ್ನ ತಮ್ಮ,
ಟೋರ್ಕೆಲ್

ಮತ್ತೆ: ದುಃಖವಿಲ್ಲ ಎಂದು ಬರೆದದ್ದು ಸುಳ್ಳು. ಇದ್ದದ್ದು ಇದೊಂದೇ ಕಾಗದ, ಹಾಗಾಗಿ ಹರಿಯಲಿಲ್ಲ. ನಿಮ್ಮೂರಲ್ಲಿ ಒಲಿಂಪಿಕ್ಸ್ ಓಟದ ದಿನ ನೀನು ರಸ್ತೆಬದಿಗೆ ತಪ್ಪದೆ ಹೋಗು. ಆರ್ವಿಡ್ ಬಂದಾಗ ಜೋರಾಗಿ ಅವನ ಹೆಸರು ಕೂಗು. ಬಾಯಿತಪ್ಪಿ ನನ್ನ ಹೆಸರೇ ಬಂದರೂ ಪರವಾಗಿಲ್ಲ. ಒಳ್ಳೆಯವನು, ತಿರುಗಿ ನೋಡುತ್ತಾನೆ.