ಉದ್ದದ ಕೊಳಲು

ಮಾರ್ಚ್ ೨೧, ಶುಕ್ರವಾರ

ಮುಂದಿನ ತಿಂಗಳ ಕಛೇರಿಗಳ ಪೋಸ್ಟರ್ ನಾಳೆ ಅಚ್ಚಿಗೆ ಹೋಗಬೇಕು. ಚಿಕ್ಕಮ್ಮನ ಹೆಸರು ಹಾಕಿಸುವುದೋ ಬಿಡುವುದೋ ಎಂದು ಸಂಜೆಯವರೆಗೂ ತಲೆ ಚಿಟ್ಟು ಹಿಡಿದಿತ್ತು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಹಳೆಯ ಶ್ರುತಿ ಎಟಕುವುದಿಲ್ಲ. ಶ್ರುತಿ ಇಳಿಸಿಕೊಳ್ಳಿ ಎಂದು ಪಕ್ಕವಾದ್ಯದ ಕೊಳಲಿನವರಿಗೆ ಹೇಳಲು ಅವಳಿಗೆ ನಾಚಿಕೆ, ನನಗೆ ಭಯ. ಅವರ ಬಾಯಿಗೆ ಹೆದರದವರು ನಮ್ಮ ಸಭಾಂಗಣದಲ್ಲಿ ಯಾರಿದ್ದಾರೆ?

ಇವತ್ತು ತಾಲೀಮಿಗೆ ಬಂದವರೇ ಚೀಲದಿಂದ ಮೊಳಕ್ಕಿಂತ ಉದ್ದದ ಹೊಸ ಕೊಳಲು ತೆಗೆದರು. ಕೊಳಲು ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ, ಬೆರಳುಗಳನ್ನು ಅಗಲಿಸಬೇಕಾಗುತ್ತದೆ. ಊದಿದರು. ಚಿಕ್ಕಮ್ಮನ ಈಗಿನ ಶ್ರುತಿಯೇ!

"ನಿಮಗೆ ಯಾರು ಹೇಳಿದ್ರು?" ಎಂದಳು ಚಿಕ್ಕಮ್ಮ.

"ಯಾರು ಹೇಳ್ಬೇಕು? ಅವತ್ತು ಫೋನಲ್ಲಿ ಮಾತಾಡಿದ್ರಲ್ಲ, ದನಿ ಕೇಳಿದಾಗ್ಲೇ ಗೊತ್ತಾಯ್ತು."

"ಈ ವಯಸ್ಸಲ್ಲಿ ಬೆರಳು ನೋಯಲ್ವಾ?"

"ನೋಯುತ್ತೆ. ನೀವು ಸುಮ್ನೆ ಹಾಡಿ."

ಹಾಡಿದಳು. ಆ ಇಳಿದ ದನಿಗೆ ಎಂಥ ತೂಕ ಬಂದಿದೆ!

ಪೋಸ್ಟರಿನಲ್ಲಿ ಅವಳ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಕೊಳಲಿನವರ ಹೆಸರನ್ನೂ ಹಾಕಿಸುತ್ತೇನೆ. ಪಕ್ಕವಾದ್ಯಕ್ಕೆ ಇಷ್ಟು ದೊಡ್ಡ ಅಕ್ಷರ ಯಾಕೆ ಎಂದು ಮೊದಲು ಬೈಯುವವರು ಅವರೇ. ಬೈಯಲಿ. ಯಾರಿಗೂ ಹೇಳದೆ, ಆ ಮುದಿ ಬೆರಳುಗಳನ್ನು ಒಬ್ಬರೇ ಕೂತು ಪಳಗಿಸಿಕೊಂಡಿದ್ದಾರಲ್ಲ, ಅಂಥವರ ಬೈಗುಳವೂ ನನಗೆ ಆಶೀರ್ವಾದವೇ.