ಅಗ್ಯೆಮನ್‌ನ ಸಂಜೆ ನಡಿಗೆ

ಮಾರ್ಚ್ ೧೪, ಮಂಗಳವಾರ

ಹತ್ತು ಕಿಲೋ ಇಳಿಸದೆ ಅಗ್ಯೆಮನ್‌ನ ಮೊಣಕಾಲಿಗೆ ಆಪರೇಷನ್ ಇಲ್ಲ ಎಂದಿದ್ದಾರೆ ಡಾಕ್ಟರು. ತಿಂಗಳಿಂದ ಈ ನನ್ನ ಗೆಳೆಯ, ನಾನು ಹೇಳಿಕೊಟ್ಟ ದಾರಿಯಲ್ಲೇ ದಿನಾ ಸಂಜೆ ನಡೆಯುತ್ತಿದ್ದಾನೆ. ತೂಕ ಎರಡು ಕಿಲೋ ಏರಿದೆ! ಮೆಟಬಾಲಿಸಂ ಇರಬಹುದೇ? ಕಾಲೇಜಿನಲ್ಲಿ ಓದಿದ್ದೆ, ಅರ್ಥ ಮರೆತಿದೆ. ಕುತೂಹಲ ತಡೆಯದೆ ಇವತ್ತು ನಾನೂ ಹೋದೆ.

ಮೊದಲ ಅಂಗಳದಲ್ಲೇ ಫುಫು ಮುದ್ದೆ ಉಣ್ಣುತ್ತಿದ್ದವರು "ಬನ್ನಿ, ಊಟ ಮಾಡಿ" ಎಂದರು. "ನನ್ನ ಕೈ ಬಟ್ಟಲಲ್ಲೇ ಇದೆ" ಎಂದು ಹೇಳಿ, ಉಣ್ಣದೆ ಮುಂದೆ ಹೋಗುವುದು ನಮ್ಮ ಕುಮಾಸಿ ಊರಿನ ಮರ್ಯಾದೆ. ಇವನು ಹಾಗೆಂದು ನಿಜವಾಗಿಯೇ ಬಟ್ಟಲಿಗೆ ಕೈ ಹಾಕಿದ!

"ಏನೋ ಇದು, ಮಾರಾಯ?"

"ಬರೀ ಬಾಯಲ್ಲಿ ಹೇಳಿ ಹೋದ್ರೆ ಸುಳ್ಳಾಗಲ್ವೇನೋ?"

ಹೀಗೇ ಆರು ಮನೆ. ಏಳನೆಯ ಮನೆಯ ಮುದುಕಿ ನನ್ನ ಕಡೆ ನೋಡಿ "ನೀನೂ ಬಾರಪ್ಪ" ಎಂದಳು. ಹೆಂಡತಿ ಅಬೆನಾ ತೀರಿಕೊಂಡ ಮೇಲೆ ನಾನು ಸಂಜೆ ಹೊರಗೆ ಕಾಲಿಟ್ಟಿರಲಿಲ್ಲ. ನನ್ನನ್ನೇ ಊಟಕ್ಕೆ ಬಾ ಎಂದು ಕರೆಯುವ ದನಿ ಕೇಳಿ ಎರಡು ವರ್ಷ. ನೋಡಿದರೆ ನನ್ನ ಕೈಯೂ ಬಟ್ಟಲಲ್ಲಿತ್ತು.

ನಾಳೆಯಿಂದ ಅವನಿಗೆ ಮನೆಗಳೇ ಇಲ್ಲದ ರೈಲು ಹಳಿಯ ದಾರಿ. ಈ ಮನೆಗಳ ದಾರಿಯಲ್ಲಿ ನಾನೊಬ್ಬನೇ ಇನ್ನೊಮ್ಮೆ ಹೋಗಿಬರುತ್ತೇನೆ.