ಆ ಕುಲಾವಿ ಒಗೆಯಬೇಡಿ

ಅತ್ತೆ,

ನಿಮಗೆ ಈಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಇವತ್ತಿಂದ ಕೆಲಸಕ್ಕೆ ಹೋಗ್ತಿದ್ದೀನಿ. ಅಡುಗೆ ಆಗಿದೆ, ನಿನ್ನೆ ಥರ ಮುಚ್ಚಿಟ್ಟು ಕೂರಬೇಡಿ, ಉಣ್ಣಿ.

ತೊಟ್ಟಿಲು ಕೇಳಿ ಎದುರುಮನೆಯವರು ಬರ್ತಾರೆ. ಅವರದ್ದೇ, ಕೊಟ್ಟುಬಿಡಿ.

"ನಾನು ಎಣ್ಣೆ ತಿಕ್ಕಿದ್ದಕ್ಕೇ ಪಾಪು ಹೋಯ್ತಾ?" ಅಂತ ಕೇಳಿ ಕೇಳಿ ನನ್ನ ಜೀವ ತಿನ್ನಬೇಡಿ. ಹುಟ್ಟುವಾಗಲೇ ಅವನ ಹೃದಯ ಸರಿಯಿರಲಿಲ್ಲ ಅಂತ ಡಾಕ್ಟರೇ ಹೇಳಿದರಲ್ಲ. ನಿಮ್ಮತ್ತೆ ಕಾಲದಲ್ಲಿ ಮಗು ಅತ್ತರೆ ಎತ್ತಬಾರದಿತ್ತು. ನಿಮ್ಮ ಕಾಲದಲ್ಲಿ ಬಿಗಿಯಾಗಿ ಸುತ್ತಬೇಕಿತ್ತು. ನನ್ನ ಕಾಲದಲ್ಲಿ ಎಣ್ಣೆಯೇ ಕೂಡದು. ಯಾವ ಕಾಲದ ಶಾಸ್ತ್ರವೂ ಅವನನ್ನು ಉಳಿಸ್ತಿರಲಿಲ್ಲ.

ಬಕೆಟ್ಟಿನ ಬಟ್ಟೆ ಒಗೆಯಿರಿ. ನನ್ನ ದಿಂಬಿನ ಕೆಳಗಿರೋ ಕುಲಾವಿ ಮಾತ್ರ ಮುಟ್ಟಬೇಡಿ. ಬೇಡ ಅಂತ ಜಗಳ ಆಡಿದರೂ ಕದ್ದು ಎಣ್ಣೆ ಹಚ್ತಿದ್ದಿರಲ್ಲ, ಅದರಿಂದಲೇ ಅದರಲ್ಲಿನ್ನೂ ಅವನ ನೆತ್ತಿಯ ವಾಸನೆ ಉಳಿದಿದೆ.